ಅಪ್‌ಡೇಟ್: ಬೆರಳಚ್ಚು ಹಾಜರಿ ಯಂತ್ರದ ನೋಟಿಸ್ ಏನಾಯಿತು

ಇಲಿನಾಯ್‌ನ ನಮ್ಮ ಗೋದಾಮಿನಲ್ಲಿ ಹಾಜರಿಗೆ ಬೆರಳಚ್ಚು ಯಂತ್ರ ಇಟ್ಟಿದ್ದಕ್ಕೆ ಕೆಲಸ ಬಿಟ್ಟ ನೌಕರರೊಬ್ಬರ ವಕೀಲರಿಂದ ನೋಟಿಸ್ ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೆ. ಟೆಕ್ಸಾಸ್ ಶಾಖೆಯಲ್ಲೂ ಅದೇ ಯಂತ್ರವಿದೆ, ಅಲ್ಲಿ ಯಾರೂ ತಕರಾರು ಎತ್ತಿಲ್ಲ ಎಂದು ವಾದಿಸಿದ್ದೆ ಬೇರೆ. ಅದು ನನ್ನ ಅಜ್ಞಾನ. ಟೆಕ್ಸಾಸ್‌ನ ಬಯೋಮೆಟ್ರಿಕ್ (ಬೆರಳಚ್ಚಿನಂಥ ದೇಹದ ಗುರುತುಗಳ) ಕಾಯ್ದೆಯಡಿ ದಾವೆ ಹೂಡಬಲ್ಲವರು ರಾಜ್ಯದ ಅಟಾರ್ನಿ ಜನರಲ್ ಮಾತ್ರ. ಇಲಿನಾಯ್‌ನ 2008ರ ಬಯೋಮೆಟ್ರಿಕ್ ಕಾಯ್ದೆಯಲ್ಲಿ ನೌಕರರೇ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದು. ನಿರ್ಲಕ್ಷ್ಯಕ್ಕೆ ಕನಿಷ್ಠ 1,000 ಡಾಲರ್ ಪರಿಹಾರ, ಬೇಕೆಂದೇ ಮಾಡಿದ್ದರೆ 5,000.

ನಮ್ಮ ವಕೀಲರು ಮೊದಲು ಕೇಳಿದ್ದು ಒಂದೇ: "ಸಹಿ ಹಾಕಿದ ಒಪ್ಪಿಗೆ ಪತ್ರ ಎಲ್ಲಿ?" ಕಡತದಲ್ಲಿ ಊಟದ ವಿರಾಮದ ನಿಯಮಕ್ಕೂ ಸಹಿ ಇತ್ತು, ಬೆರಳಚ್ಚಿಗೆ ಇರಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ 2023ರಲ್ಲಿ ಪ್ರತಿ ಸ್ಕ್ಯಾನೂ ಪ್ರತ್ಯೇಕ ಉಲ್ಲಂಘನೆ ಎಂದಿತ್ತು. ದಿನಕ್ಕೆ ನಾಲ್ಕು ಸಲ ಒತ್ತಿದ ಬೆರಳಿನ ಲೆಕ್ಕ ಹಾಕಿ ನನ್ನ ನಿದ್ದೆ ಹಾರಿಹೋಗಿತ್ತು. 2024ರ ಆಗಸ್ಟ್‌ನ ತಿದ್ದುಪಡಿ ಅದನ್ನು ತಲೆಗೊಂದು ಪರಿಹಾರಕ್ಕೆ ಇಳಿಸಿದೆ. ಆ ನೌಕರರು ಸೇರಿದ್ದೇ ಅದರ ನಂತರ, ನಮ್ಮ ಪುಣ್ಯ.

ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ಮೊತ್ತ ಹೇಳುವಂತಿಲ್ಲ. ಯಂತ್ರ ಕಿತ್ತ ಗೋಡೆಯಲ್ಲಿ ನಾಲ್ಕು ತೂತುಗಳು ಉಳಿದಿವೆ, ಪಕ್ಕದಲ್ಲಿ ಕಾರ್ಡ್ ಯಂತ್ರ ಬಂದಿದೆ. ಟೆಕ್ಸಾಸ್‌ನದ್ದನ್ನೂ ಬದಲಿಸುತ್ತಿದ್ದೇವೆ.