ಹಳೇ ಡೀಸೆಲ್ ಜೀಪಿನ ಹೊಗೆ, ಆಯಿಲ್ ಸೋರಿಕೆ: ಇಂಜಿನ್ ಬಿಚ್ಚಿಸೋ ಮೊದಲು

ಪ್ರಶ್ನೆ (ಮೂಡಿಗೆರೆ ಕಡೆಯ ತೋಟದಿಂದ):
ಮೇಸ್ತ್ರಿಗಳೇ, ನಮಸ್ಕಾರ. ನಮ್ಮದು ಹಳೇ ಮಹೀಂದ್ರಾ ಎಂಎಂ 540, ಪ್ಯೂಜೋ ಡೀಸೆಲ್ ಇಂಜಿನ್. ತೋಟದ ಕೆಲಸ ಬಿಟ್ಟರೆ ಹೊರಗೆ ಹೋಗುವುದು ಕಮ್ಮಿ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಅಂಗಳದ ತುಂಬ ಬಿಳಿ ಹೊಗೆ, ಕಣ್ಣುರಿ. ಬಿಸಿಯಾದ ಮೇಲೆ ನಿಲ್ಲುತ್ತದೆ. ಟ್ರೈಲರ್‌ಗೆ ಗೊಬ್ಬರ ಹಾಕಿಕೊಂಡು ಏರು ಹತ್ತಿಸಿದರೆ ಕರಿ ಹೊಗೆ. ಜೊತೆಗೆ ನಿಲ್ಲಿಸಿದ ಕಡೆಯೆಲ್ಲ ಆಯಿಲ್. ಮೊನ್ನೆ ಕಾಫಿ ಒಣಗಿಸೋ ಕಣದ ಮೇಲೇ ಬಿದ್ದು ಮನೆಯಲ್ಲಿ ಜಗಳ. ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿದ ತಕ್ಷಣ "ಇಂಜಿನ್ ಬೋರ್‌ಗೆ ಬಂದಿದೆ" ಅಂದರು, ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದೆ, ಇಂಜಿನ್ ಬಿಚ್ಚಬೇಕು ಅಂತ. ಹೌದಾ?

ಉತ್ತರ (ಮೇಸ್ತ್ರಿ, ಹಾಸನ):
ಇರಬಹುದು. ಆದರೆ ನೀವು ಬರೆದಿದ್ದರಲ್ಲಿ ಬೋರ್ ಹೋಗಿದೆ ಅನ್ನುವುದಕ್ಕೆ ಒಂದು ಗುರುತೂ ಕಾಣಲಿಲ್ಲ. ಬೋರ್ ಸವೆದಿದ್ದರೆ, ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದ್ದರೆ ನೀಲಿ ಹೊಗೆ ಬರಬೇಕು. ಅದೂ ಇಂಜಿನ್ ಬಿಸಿಯಾಗಿ ಲೋಡ್ ಎಳೆಯುವಾಗ, ಬಿಡದೆ. ಹೊಗೆಯ ಬಣ್ಣ ಎಷ್ಟು ಮುಖ್ಯವೋ ಅದು ಯಾವ ಹೊತ್ತಿಗೆ ಬರುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ನಿಮ್ಮ ಬಿಳಿ ಹೊಗೆಗೂ ಕರಿ ಹೊಗೆಗೂ ಕಾರಣ ಬೇರೆ ಬೇರೆ ಅಂತ ನನ್ನ ಲೆಕ್ಕ.

ಬಿಳಿ ಹೊಗೆ ಮೊದಲು ನೋಡೋಣ. ಕಣ್ಣು ಉರಿಯುತ್ತದೆ ಅಂದರೆ ಅದು ಉರಿಯದೆ ಹೊರಬಂದ ಡೀಸೆಲ್. ಈ ಇಂಜಿನ್‌ನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಹೆಡ್‌ನೊಳಗಿನ ಪುಟ್ಟ ಗೂಡಿನಲ್ಲಿ ಮೊದಲು ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ಹರಡುತ್ತದೆ. ಚಳಿಯಲ್ಲಿ ಆ ಗೂಡಿನ ಗೋಡೆಯೇ ಗಾಳಿಯ ಬಿಸಿಯನ್ನು ಹೀರಿಬಿಡುತ್ತದೆ. ಅದಕ್ಕೇ ಹೀಟರ್ ಪ್ಲಗ್ ಇಟ್ಟಿರುವುದು. ನಾಲ್ಕರಲ್ಲಿ ಒಂದು ಸತ್ತರೂ ಆ ಸಿಲಿಂಡರ್ ಮೊದಲಿಗೆ ಹೊತ್ತುವುದಿಲ್ಲ. ಇಂಜಿನ್ ಕುಲುಕುತ್ತದೆ, ಬಿಳಿ ಹೊಗೆ ಉಗುಳುತ್ತದೆ, ಬಿಸಿಯಾದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತದೆ.

ಪರೀಕ್ಷೆ ಸುಲಭ. ನಾಲ್ಕೂ ಪ್ಲಗ್ ಸೇರಿಸುವ ಪಟ್ಟಿ ಬಿಚ್ಚಿ. ಬ್ಯಾಟರಿ ಪ್ಲಸ್‌ನಿಂದ ಒಂದು ಇಂಡಿಕೇಟರ್ ಬಲ್ಬಿಗೆ ವೈರ್ ಕೊಡಿ, ಬಲ್ಬಿನ ಇನ್ನೊಂದು ವೈರ್ ತುದಿಯನ್ನು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಿ. ಬಲ್ಬ್ ಉರಿಯದಿದ್ದರೆ ಆ ಪ್ಲಗ್ ಹೋಗಿದೆ. ನಾಲ್ಕೂ ಉರಿದರೆ ಪಟ್ಟಿ ವಾಪಸ್ ಹಾಕಿ, ಹೀಟರ್ ಆನ್ ಮಾಡಿದಾಗ ಅಲ್ಲಿಗೆ ಕರೆಂಟ್ ಬರುತ್ತಿದೆಯಾ ನೋಡಿ. ಹಳೇ ಜೀಪುಗಳಲ್ಲಿ ಪ್ಲಗ್ ಸರಿ ಇದ್ದು ವೈರೇ ಕೊಳೆತಿರುತ್ತದೆ.

ಪ್ಲಗ್ ಸರಿ ಇದ್ದೂ ಹೊಗೆ ಬಂದರೆ ಡೀಸೆಲ್ ಚಿಮ್ಮಿಸುವ ನಾಜಲ್ ಮೇಲೆ ಅನುಮಾನ. ಬೆಳಗ್ಗೆ ಇಂಜಿನ್ ಕುಲುಕುತ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲ ಮಾಡಿ, ಮತ್ತೆ ಬಿಗಿ ಮಾಡಿ. ಯಾವುದನ್ನು ಸಡಿಲ ಮಾಡಿದರೂ ಇಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ ಸಿಲಿಂಡರ್. ನಟ್ ಮೇಲೆ ದಪ್ಪ ಬಟ್ಟೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಚಿಮ್ಮುವ ಡೀಸೆಲ್‌ಗೆ ಬೆರಳು ಅಡ್ಡ ಹಿಡಿಯಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ನೋಡಲು ಸೂಜಿ ಚುಚ್ಚಿದ ಹಾಗೆ ಕಂಡರೂ ಆಸ್ಪತ್ರೆ ಕೇಸು ಅದು.

ರೇಡಿಯೇಟರ್ ನೀರು ದಿನಾ ಕಮ್ಮಿ ಆಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವಿನ ಪ್ಯಾಕಿಂಗ್) ಯೋಚನೆ ಮಾಡಿ. ಹೊಗೆಗೆ ಸಿಹಿ ವಾಸನೆ ಇರುತ್ತದೆ ಅಂತಾರೆ. ಅದು ಕೂಲೆಂಟ್ ಹಾಕಿದವರ ಮಾತು. ಹಳ್ಳದ ನೀರು ಸುರಿಯುವ ನಮ್ಮ ತೋಟದ ಜೀಪುಗಳಿಗೆ ಆ ಲೆಕ್ಕ ನಡೆಯಲ್ಲ.

ಕರಿ ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಮೊದಲು ಏರ್ ಕ್ಲೀನರ್ ಬಿಚ್ಚಿ. ನಿಮ್ಮದು ಆಯಿಲ್ ತುಂಬುವ ಹಳೇ ಮಾದರಿ ಆಗಿದ್ದರೆ ತಳದಲ್ಲಿ ಕೆಸರು ಕೂತಿದೆಯಾ, ಆಯಿಲ್ ಒಳಗಿನ ಗುರುತಿನ ಗೆರೆಗೆ ಇದೆಯಾ ನೋಡಿ. ಗೆರೆ ದಾಟಿದ್ದರೆ ಇಂಜಿನ್ ಆ ಆಯಿಲ್ಲನ್ನೇ ಎಳೆದುಕೊಂಡು ಉರಿಸುತ್ತದೆ. ಅದಾದ ಮೇಲೆ ನಾಜಲ್, ಕೊನೆಗೆ ನಾಜಲ್‌ಗೆ ಡೀಸೆಲ್ ತಳ್ಳುವ ಪಂಪ್. ಪಿಕಪ್ ಬರಲಿ ಅಂತ ಪಂಪಿನ ಸ್ಕ್ರೂ ಯಾರಾದರೂ ತಿರುಗಿಸಿದ್ದಾರಾ ವಿಚಾರಿಸಿ.

ಈಗ ಸೋರಿಕೆ. ಕೊಳೆ ಮೆತ್ತಿದ ಇಂಜಿನ್ ನೋಡಿ ಸೋರುವ ಜಾಗ ಹೇಳುವುದು ಕಣಿ ಹೇಳಿದ ಹಾಗೆ. ತಣ್ಣಗಿರುವಾಗ ಡೀಸೆಲ್, ಬ್ರಷ್ ಹಿಡಿದು ತೊಳೆಯಿರಿ. ಒರೆಸಿ ಒಣಗಿಸಿ ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಅರ್ಧ ಗಂಟೆ ಓಡಿಸಿ, ಇಂಜಿನ್ ಆಫ್ ಮಾಡಿ ಟಾರ್ಚ್ ಹಾಕಿ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ. ಹಾಗಾಗಿ ಪೌಡರ್ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಮುಂದಿನದು ಯಾವುದು ಅಂತ ಹುಡುಕಿ.

ಇಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪನ್ನೂ ಬಿಚ್ಚಿ ಊದಿ ನೋಡಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡಕ್ಕೆ ಒಳ್ಳೇ ಸೀಲೂ ಸೋರುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡುವುದನ್ನು ಮರೆಯಬೇಡಿ. ನೋಡಿದ್ದನ್ನು ಇಲ್ಲೇ ಬರೆಯಿರಿ.

ಪ್ರಶ್ನೆ (ಚಿಕ್ಕಮಗಳೂರು, ಗಿರಿ ಕಡೆ ಬಾಡಿಗೆ ಓಡಿಸುವವರು):
ಅಣ್ಣ, ನಂದು ಟರ್ಬೊ ಇಲ್ಲದ ಹಳೇ ಡೀಸೆಲ್. ಊರೊಳಗೆ ಹೊಗೆ ಇಲ್ಲ. ಮುಳ್ಳಯ್ಯನಗಿರಿ ಹತ್ತಿದರೆ ಮಾತ್ರ ಕರಿ. ನಾಜಲ್ ಹಾಕಿಸಿ ಆಯ್ತು.

ಉತ್ತರ:
1,900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಐದನೇ ಒಂದು ಭಾಗದಷ್ಟು ಕಮ್ಮಿ. ನಿಮ್ಮ ಪಂಪಿಗೆ ಅದು ಗೊತ್ತಾಗುವುದಿಲ್ಲ, ಕೆಳಗೆ ಕೊಟ್ಟಷ್ಟೇ ಡೀಸೆಲ್ ಅಲ್ಲೂ ಕೊಡುತ್ತದೆ. ಹಾಗಾಗಿ ತುಸು ಕರಿ ಹೊಗೆ ಬಂದೇ ಬರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಡಿ, ಒಂದು ಗೇರ್ ಇಳಿಸಿ ಹತ್ತಿಸಿ. ಇದಕ್ಕೆಲ್ಲ ಇನ್ನೊಂದು ಸೆಟ್ ನಾಜಲ್ ಕೊಳ್ಳಬೇಡಿ ಮಾರಾಯ್ರೆ.

ಮತ್ತೆ ಮೂಡಿಗೆರೆಯಿಂದ:
ನೀವು ಹೇಳಿದ ಹಾಗೇ ಮಾಡಿದೆ. ಎರಡು ಪ್ಲಗ್‌ನಲ್ಲಿ ಬಲ್ಬ್ ಉರಿಯಲಿಲ್ಲ, ಹೊಸದು ಹಾಕಿಸಿದೆ. ಹೊಗೆ ಮುಕ್ಕಾಲು ಪಾಲು ಹೋಯಿತು. ಏರ್ ಕ್ಲೀನರಿನಲ್ಲಿ ಆಯಿಲ್ ಕುತ್ತಿಗೆವರೆಗೆ ಇತ್ತು. ಡ್ರೈವರ್‌ಗೆ ಕೇಳಿದರೆ "ಸುಮ್ನೆ ಇರಲಿ ಅಂತ ಜಾಸ್ತಿ ಹಾಕಿದೆ" ಅಂದ. ಇಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್ ಹಿಂದಿನ ಮೂಲೆಯಲ್ಲಿ ಪೌಡರ್ ಒದ್ದೆ. ಒಂದು ವಿಚಿತ್ರ ಅಂದರೆ, ಅಷ್ಟು ಸೋರಿದರೂ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆಗಿಂತ ಜಾಸ್ತಿ ಇದೆ. ಒಳ್ಳೆಯದೇ ಅಲ್ವಾ?

ಉತ್ತರ:
ಒಳ್ಳೆಯದಲ್ಲ. ಈಗಲೇ ಕೀಲಿ ತೆಗೆದಿಡಿ, ಸ್ಟಾರ್ಟ್ ಮಾಡಬೇಡಿ. ಯಾರೂ ಆಯಿಲ್ ಹಾಕದೆ ಮಟ್ಟ ಏರಿದೆ ಅಂದರೆ ಒಳಗೆ ಡೀಸೆಲ್ಲೋ ನೀರೋ ಸೇರುತ್ತಿದೆ. ಸ್ಟಿಕ್ ತುದಿಯ ಹನಿಯನ್ನು ಪೇಪರ್ ಮೇಲೆ ಬಿಡಿ. ಸುತ್ತ ತೆಳ್ಳಗೆ ಅಗಲ ಉಂಗುರ ಹರಡಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಡಯಾಫ್ರಮ್ (ಒಳಗಿನ ಪರದೆ) ಹರಿದಿರಬಹುದು. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು.

ತೆಳ್ಳಗಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಬ್ರೀದರ್ ಮೂಲಕವೋ ಏರ್ ಕ್ಲೀನರ್ ಮೂಲಕವೋ ಆಯಿಲ್ ನುಗ್ಗಿದರೆ ಡೀಸೆಲ್ ಇಂಜಿನ್ ಅದನ್ನೇ ಉರಿಸಿಕೊಂಡು ರೈಸ್ ಆಗುತ್ತಾ ಹೋಗುತ್ತದೆ. ಕೀಲಿ ತೆಗೆದರೂ ನಿಲ್ಲುವುದಿಲ್ಲ. ಆಗ ಬ್ರೇಕ್ ಗಟ್ಟಿ ಒತ್ತಿ ಟಾಪ್ ಗೇರ್‌ನಲ್ಲಿ ಕ್ಲಚ್ ಬಿಟ್ಟು ಕಟ್ಟಿಹಾಕಬೇಕು. ಇಲ್ಲವೇ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ಮುಚ್ಚಬೇಕು. ಕೈ ಅಡ್ಡ ಇಡಬೇಡಿ.

ಪ್ರಶ್ನೆ (ಸಕಲೇಶಪುರ):
ಒಂದು ಹಳೇ ಜೀಪು ಕೊಳ್ಳೋಣ ಅಂತಿದ್ದೇನೆ ಸರ್. ಇಂಜಿನ್ ಬೋರ್ ಹೇಗೆ ನೋಡುವುದು?

ಉತ್ತರ:
ಬೆಳಗ್ಗೆ ಬೇಗ ಹೋಗಿ. ಮೊದಲು ಇಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಹತ್ತಿರ ಕೈ ಹಿಡಿಯಿರಿ. ಬಿಸಿ ಇದ್ದರೆ "ನೀವು ಬರ್ತೀರಾ ಅಂತ ಸ್ಟಾರ್ಟ್ ಮಾಡಿಟ್ಟೆ" ಅನ್ನುತ್ತಾರೆ. ನಕ್ಕು ವಾಪಸ್ ಬನ್ನಿ, ಇನ್ನೊಂದು ದಿನ ಹೇಳದೆ ಹೋಗಿ. ತಣ್ಣಗಿನ ಸ್ಟಾರ್ಟ್ ನೋಡಿದ ಮೇಲೆ ಚೆನ್ನಾಗಿ ಬಿಸಿ ಮಾಡಿ, ಐಡಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿ ಮೇಲೆ ಬೋರಲು ಇಡಿ. ಸ್ವಲ್ಪ ಆವಿ ಬಂದರೆ ಚಿಂತೆ ಇಲ್ಲ. ಮುಚ್ಚಳ ಕುಣಿದು ಕೆಳಗೆ ಬಿದ್ದರೆ ರಿಂಗ್ ಹೋಗಿದೆ ಅಂತಲೇ ತಿಳಿಯಿರಿ. ಆಯಿಲ್ ತೀರಾ ದಪ್ಪ ಇದ್ದರೂ ಅನುಮಾನ ಇರಲಿ, ಹೊಗೆ ಮುಚ್ಚಲು ಹಾಕಿರುತ್ತಾರೆ. ಮನಸ್ಸಾದರೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಒತ್ತಡ) ನೋಡಿಸಿ. ಡೀಸೆಲ್ ಗೇಜೇ ಬೇಕು, ಪೆಟ್ರೋಲ್ ಗಾಡಿಯ ಗೇಜ್ ಇದರ ಒತ್ತಡ ತಡೆಯುವುದಿಲ್ಲ. ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇರಬೇಕು. ಮೂರು ಚೆನ್ನಾಗಿದ್ದು ಒಂದು ಬಿದ್ದಿದ್ದರೆ ಅದು ವಾಲ್ವೂ ಆಗಿರಬಹುದು.

ಮೂಡಿಗೆರೆಯಿಂದ ಕೊನೆಯದಾಗಿ:
ಡೀಸೆಲ್ಲೇ ಇತ್ತು. ಲಿಫ್ಟ್ ಪಂಪ್ ಬದಲಿಸಿ, ಆಯಿಲ್, ಫಿಲ್ಟರ್ ಹೊಸದು ಹಾಕಿಸಿದೆ. ಟ್ಯಾಪೆಟ್ ಕವರಿಗೆ ಹೊಸ ಕಾರ್ಕ್ ಆಯಿತು. ಕರಿ ಹೊಗೆ ಕಾಣಲ್ಲ. ಆದರೆ ಇಂಜಿನ್, ಗೇರ್‌ಬಾಕ್ಸ್ ನಡುವಿನ ಬೆಲ್ ಹೌಸಿಂಗ್ ಕೆಳಗಿನ ತೂತಿನಿಂದ ರಾತ್ರಿಗೆ ಒಂದೆರಡು ಹನಿ ಇನ್ನೂ ಬೀಳುತ್ತದೆ.

ಉತ್ತರ:
ಹನಿ ಕರಿ ಇದ್ದರೆ ಕ್ರ್ಯಾಂಕ್‌ನ ಹಿಂದಿನ ಸೀಲ್. ಹೊಂಬಣ್ಣದಲ್ಲಿ ದಪ್ಪಗಿದ್ದು ಗಂಧಕದ ವಾಸನೆ ಹೊಡೆದರೆ ಗೇರ್ ಆಯಿಲ್. ಯಾವುದೇ ಆದರೂ ಗೇರ್‌ಬಾಕ್ಸ್ ಇಳಿಸಬೇಕು, ಅಷ್ಟು ಕೂಲಿ ಒಂದೆರಡು ಹನಿಗೆ ದಂಡ. ಕ್ಲಚ್ ಪ್ಲೇಟ್ ಹಾಕಿಸುವ ದಿನ ಎರಡೂ ಸೀಲ್ ಒಟ್ಟಿಗೆ ಬದಲಿಸಿ. ಏರಿನಲ್ಲಿ ಕ್ಲಚ್ ಜಾರಲು ಶುರುವಾದರೆ ಮಾತ್ರ ಕಾಯಬೇಡಿ, ಪ್ಲೇಟಿಗೆ ಆಯಿಲ್ ತಾಗಿದೆ ಅಂತ ಅರ್ಥ. ಅಲ್ಲಿವರೆಗೆ ಡಿಪ್‌ಸ್ಟಿಕ್ ವಾರಕ್ಕೊಮ್ಮೆ ನೋಡಿ, ಕಣದ ಮೇಲೆ ನಿಲ್ಲಿಸಬೇಡಿ.