ಬೆಲ್ಟ್ ಅಂದರೆ ಯಾವ ಬೆಲ್ಟ್?

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಐ10 2.8 ಲಕ್ಷ ಕಿಲೋಮೀಟರ್ ದಾಟಿತು, ಮುಂದಿನ ವಾರ ಮಕ್ಕಳನ್ನು ಕೂರಿಸಿಕೊಂಡು ಮೈಸೂರಿನಿಂದ ಧರ್ಮಸ್ಥಳಕ್ಕೆ ಹೋಗಬೇಕು, ಆಫೀಸಿನವರು ಮಾರಿಬಿಡು ಅನ್ನುತ್ತಿದ್ದಾರೆ, 15 ವರ್ಷ ಬೇರೆ ತುಂಬುತ್ತಿದೆ, ಗುಜರಿಗೆ ಹಾಕಬೇಕಾ ದೊಡ್ಡಪ್ಪ ಅಂತ ಕೇಳಿದ್ದೀಯ.

ಗುಜರಿಗೆ ಯಾಕಮ್ಮ ಹಾಕುತ್ತೀಯ? ನಿಮ್ಮಪ್ಪ ಆ ಕಾರನ್ನು ಹೇಗೆ ಇಟ್ಟುಕೊಂಡಿದ್ದ ಅಂತ ಈ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು. ಊಟ ತಡವಾದರೂ ಸುಮ್ಮನಿರುತ್ತಿದ್ದ, ಆಯಿಲ್ ಬದಲಾಯಿಸುವುದು ತಡವಾದರೆ ಇರುತ್ತಿರಲಿಲ್ಲ. ಆ ಇಂಜಿನ್ ಇನ್ನೂ ಓಡುತ್ತದೆ. ನನಗೆ ಭಯ ಇರುವುದು ಒಂದೇ ವಿಷಯಕ್ಕೆ, ಟೈಮಿಂಗ್ ಬೆಲ್ಟ್. ಅದೇ, ಇಂಜಿನ್ನಿನ ವಾಲ್ವ್‌ಗಳು ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುವ ಹಲ್ಲಿನ ರಬ್ಬರ್ ಪಟ್ಟಿ.

ನಮ್ಮ ಸ್ಯಾಂಟ್ರೋ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ, ಆಗ ನೀನು ಹಾಸ್ಟೆಲ್ಲಿನಲ್ಲಿದ್ದೆ. ಅದೂ ನಿನ್ನ ಐ10 ಥರ 1.1 ಲೀಟರ್ ಇಂಜಿನ್ನೇ. ನಾಗಮಂಗಲದ ಮದುವೆ, ಅದೇ, ಗಾಳಿಗೆ ಶಾಮಿಯಾನ ಹಾರಿ ಹೋಯಿತಲ್ಲ, ಅದಕ್ಕೆ ಹೊರಟಿದ್ದೆವು. ಹಿಂದಿನ ತಿಂಗಳು ತಾನೇ ಸರ್ವಿಸ್ ಆಗಿತ್ತು. ಟೈಮಿಂಗ್ ಬೆಲ್ಟ್ ಬದಲಾಯಿಸಪ್ಪ ಅಂತ ಗ್ಯಾರೇಜಿನವನಿಗೆ ಬಾಯಿಬಿಟ್ಟು ಹೇಳಿದ್ದೆ. ಬಿಲ್ಲಿನಲ್ಲಿ ಬೆಲ್ಟ್ ಅಂತ ಬರೆದಿತ್ತು, ದುಡ್ಡೂ ಕೊಟ್ಟಿದ್ದೆ. ಬಸರಾಳು ದಾಟಿದೆವು. ಸದ್ದಿಲ್ಲ, ಹೊಗೆಯಿಲ್ಲ, ಇಂಜಿನ್ ಹಾಗೇ ಆಫ್ ಆಯಿತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಸೆಲ್ಫ್ ಹೊಡೆದರೆ ಸರ್ರಂತ ಹಗುರವಾಗಿ ತಿರುಗುತ್ತಿದೆ, ಹಿಡಿತವೇ ಇಲ್ಲ. ಇನ್ನೊಂದು ಸಲ ಹೊಡಿ ಅಣ್ಣ ಅಂತ ನಿಮ್ಮ ಚಿಕ್ಕಪ್ಪ. ಅವನಿಗೆ ಎಲ್ಲದಕ್ಕೂ ಇನ್ನೊಂದು ಸಲ. ಬೇಡ ಕಣೋ ಅಂದೆ.

ಕಬ್ಬು ಇಳಿಸಿ ವಾಪಸ್ ಬರುತ್ತಿದ್ದ ಟ್ರ್ಯಾಕ್ಟರಿನವನು ಹಗ್ಗ ಹಾಕಿ ಮಂಡ್ಯಕ್ಕೆ ಎಳೆದುಕೊಂಡು ಬಂದ, ಪುಣ್ಯಾತ್ಮ. ಅವನು ಸಿಗುವ ತನಕ ನಿಮ್ಮ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು, ಮುಯ್ಯಿ ಕವರ್ ಹಿಡಿದು ಹುಣಸೆಮರದ ಕೆಳಗೆ ನಿಂತಿದ್ದಳು. ಧಾರೆ ತಪ್ಪಿತು.

ಬೇರೆ ಮೆಕ್ಯಾನಿಕ್ ಹತ್ತಿರ ಕವರ್ ಬಿಚ್ಚಿಸಿದರೆ ಒಳಗಿನ ಬೆಲ್ಟ್ ಹಳೆಯದೇ, ಹಲ್ಲು ಉದುರಿ ಕಿತ್ತು ಹೋಗಿದೆ. ಹೊರಗೆ ಕಾಣುವ ಎಸಿ ಬೆಲ್ಟ್ ಮಾತ್ರ ಹೊಚ್ಚ ಹೊಸದು. ಬಿಲ್ಲಿನಲ್ಲಿದ್ದ ಬೆಲ್ಟ್ ಅದು! ಟೈಮಿಂಗ್ ಬೆಲ್ಟ್ ಕಿತ್ತರೆ ವಾಲ್ವ್‌ಗಳು ತೆರೆದದ್ದು ತೆರೆದ ಹಾಗೇ ನಿಲ್ಲುತ್ತವೆ, ಕೆಳಗಿನಿಂದ ಪಿಸ್ಟನ್ ಬಂದು ಗುದ್ದುತ್ತದೆ. ವಾಲ್ವ್ ಬೆಂಡ್, ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಬೇಕು, ಲೇತಿಗೆ ಕಳಿಸಬೇಕು. ಎಷ್ಟು ಖರ್ಚಾಯಿತು ಅಂತ ಇಲ್ಲಿ ಹೇಳಿದರೆ ದೊಡ್ಡಮ್ಮ ಮತ್ತೆ ಶುರು ಮಾಡುತ್ತಾಳೆ. ಕಾರಿನ ತಪ್ಪೇನಿಲ್ಲ. ಹೆಡ್ ಕೂರಿಸಿದ ಮೇಲೆ ವರ್ಷಗಟ್ಟಲೆ ಓಡಿತು.

ಅದಕ್ಕೇ ಹೇಳುತ್ತೇನೆ, ಬೆಲ್ಟ್ ಹಾಕಿದ್ದೀನಿ ಅಂದರೆ ಯಾವ ಬೆಲ್ಟ್ ಅಂತ ಕೇಳು. ಬಿಚ್ಚಿದ ಹಳೇ ಬೆಲ್ಟನ್ನು ಕೈಗೆ ಇಸಿದುಕೋ. ನಿನ್ನ ಯಜಮಾನರು ಇದಕ್ಕೆ ಬೆಲ್ಟ್ ಬದಲು ಚೈನ್ ಇದೆ ದೊಡ್ಡಪ್ಪ ಅನ್ನಬಹುದು. ಚೈನ್ ಇರುವುದು ಐ10ನಲ್ಲೇ ಬರುತ್ತಿದ್ದ 1.2 ಲೀಟರಿನ ‘ಕಪ್ಪಾ’ ಅನ್ನುವ ಇಂಜಿನ್ನಿಗೆ. ನಿನ್ನದು 1.1, ಬೆಲ್ಟೇ. ಕಾರು ಸುಮ್ನೆ ನಿಂತಿದ್ದರೂ ರಬ್ಬರ್ ಹಳತಾಗುತ್ತದೆ, ಅದೂ ನೆನಪಿರಲಿ.

ಆವತ್ತು ಇನ್ನೊಂದು ಆಯಿತು. ನಾವು ಬಸರಾಳಿನ ಹತ್ತಿರ ನಿಂತಿದ್ದಾಗ ನಮ್ಮವರದೇ ಕಾರುಗಳು ಹೋದವು. ಒಬ್ಬರು ಹಾರ್ನ್ ಮಾಡಿ ಕೈ ಬೀಸಿದರು. ಯಾರು ಅಂತ ಹೇಳುವುದಿಲ್ಲ, ಗ್ರೂಪಿನಲ್ಲೇ ಇದ್ದಾರೆ, ಈಗ ಕೇಳುತ್ತಲೂ ಇರಬಹುದು. ಈಗಂತೂ ಕೈ ಬೀಸುವುದೂ ಇಲ್ಲ. 2023ರಲ್ಲಿ ಆ ದೊಡ್ಡ ರಸ್ತೆ ಉದ್ಘಾಟನೆ ಆಯಿತು ನೋಡು, ಬೆಂಗಳೂರಿನಿಂದ ಮೈಸೂರಿಗೆ ಹೋಗುವವರೆಲ್ಲ ಊರಾಚೆ ಬೈಪಾಸಿನಲ್ಲೇ ಹಾರಿ ಹೋಗುತ್ತಾರೆ. ಮುಂಚೆ ಮಂಡ್ಯದ ಒಳಗೇ ಬರಬೇಕಿತ್ತು, ಟ್ರಾಫಿಕ್ಕಿಗೆ ಬೈದುಕೊಂಡಾದರೂ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದರು. ನಿನ್ನ ಅಣ್ಣ ಬೆಂಗಳೂರಿನಿಂದ ನಿಮ್ಮ ಮನೆಗೆ ತಿಂಗಳಿಗೊಮ್ಮೆ ಬರುತ್ತಾನಂತೆ, ಸ್ಟೇಟಸ್ಸಿನಲ್ಲಿ ನೋಡುತ್ತೇನೆ. ಟೋಲ್ ಕಟ್ಟಿದ ಮೇಲೆ ಇಳಿಯುವುದು ದಂಡ ಅಲ್ವಾ ದೊಡ್ಡಪ್ಪ ಅಂದ. ದೊಡ್ಡಮ್ಮ ಅವನಿಗೆ ಅಂತ ಮಾಡಿಟ್ಟಿದ್ದ ಚಕ್ಕುಲಿ ನಾನೇ ತಿಂದೆ. ಇರಲಿ ಬಿಡು.

ಏನು ಹೇಳುತ್ತಿದ್ದೆ? ಹಾಂ, ಬೆಲ್ಟ್. ಮೀಟರ್ ಎಷ್ಟಾದರೂ ತೋರಿಸಲಿ. ನಿಮ್ಮಪ್ಪ ಕೊನೇ ಸಲ ಯಾವಾಗ ಹಾಕಿಸಿದ ಅಂತ ಹಳೇ ಬಿಲ್ಲುಗಳಲ್ಲಿ ಹುಡುಕು. ಟೈಮಿಂಗ್ ಬೆಲ್ಟ್ ಅಂತ ಪೂರ್ತಿ ಬರೆದಿರಬೇಕು, ಬರೀ ಬೆಲ್ಟ್ ಅಂತಿದ್ದರೆ ನಂಬಬೇಡ. ಸಿಗದಿದ್ದರೆ ಧರ್ಮಸ್ಥಳಕ್ಕೆ ಹೊರಡುವ ಮುಂಚೆಯೇ ಹೊಸದು ಹಾಕಿಸು, ಜೊತೆಗೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೇರಿಂಗ್ ಕೂಡ.

ಅಯ್ಯೋ, ನೀನು ಕೇಳಿದ್ದು 15 ವರ್ಷದ ವಿಷಯ ಅಲ್ವಾ. ಅದನ್ನೇ ಮರೆತೆ. 15 ವರ್ಷಕ್ಕೆ ಪೆಟ್ರೋಲ್ ಕಾರು ನಿಲ್ಲಿಸಬೇಕು ಅನ್ನುವ ಗಲಾಟೆ ದೆಹಲಿ ಕಡೆಯದು, ನಮಗಲ್ಲ. ಇಲ್ಲಿ ಆರ್‌ಸಿ ರಿನ್ಯೂವಲ್ ಮಾಡಿಸಿದರೆ ಮತ್ತೆ 5 ವರ್ಷ ಕೊಡುತ್ತಾರೆ. ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು, ಫಾರಂ 25. 2022ರ ಏಪ್ರಿಲ್‌ನಿಂದ ಕಾರಿಗೆ ಫೀಸ್ 5,000 ರೂಪಾಯಿ ಮಾಡಿದ್ದಾರೆ, ಹಸಿರು ತೆರಿಗೆ ಬೇರೆ. ಕಾರನ್ನು ಆರ್‌ಟಿಒಗೆ ತೆಗೆದುಕೊಂಡು ಹೋಗಿ ಬ್ರೇಕ್ ಇನ್ಸ್‌ಪೆಕ್ಟರ್‌ಗೆ ತೋರಿಸಬೇಕು. ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿರಲಿ. ಆರ್‌ಸಿಯಲ್ಲಿ ಯಾವ ತಾರೀಖಿದೆ ಅಂತ ಇವತ್ತೇ ನೋಡಿ ಫೋಟೋ ಹಾಕು. ಆ ತಾರೀಖು ಮುಂದಿನ ವಾರದ ಒಳಗೇ ಬಿದ್ದರೆ ಧರ್ಮಸ್ಥಳಕ್ಕೆ ಬಸ್ಸಿನಲ್ಲಿ ಹೋಗಿ.