ಮೂವತ್ತೆಂಟಕ್ಕೆ ಸ್ನೋಬೋರ್ಡ್ ಶುರು ಮಾಡಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಸನಿವೇಲ್‌ನಿಂದ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಕ್ಯಾಲಿಫೋರ್ನಿಯಾದ ಸನಿವೇಲ್. ವಯಸ್ಸು 38. ಹಿಮ ನೋಡಿದ್ದೇನೆ, ಫೋಟೋ ತೆಗೆಸಿಕೊಂಡಿದ್ದೇನೆ, ಅದರ ಮೇಲೆ ಜಾರಿಲ್ಲ. ಈ ಚಳಿಗಾಲ ಲೇಕ್ ಟಾಹೋ ಕಡೆ ಹೋಗಿ ಸ್ನೋಬೋರ್ಡ್, ಅಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು, ಕಲಿಯುವ ಆಸೆ. ಎಂಟು ವರ್ಷದ ಮಗಳೂ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಆಫೀಸಿನ ಗೆಳೆಯರು "ಕ್ಲಾಸು ಗೀಸು ಬೇಡ, ನಾವೇ ಕಲಿಸುತ್ತೇವೆ ಬಾ" ಅನ್ನುತ್ತಾರೆ. ಹೆಂಡತಿ "ಮೊದಲು ಇನ್ಶೂರೆನ್ಸ್ ಕಾರ್ಡ್ ಜೇಬಲ್ಲಿ ಇಟ್ಟುಕೊಳ್ಳಿ" ಅನ್ನುತ್ತಾಳೆ. ಕ್ಲಾಸ್ ಬೇಕೇ ಬೇಕಾ? ಬೋರ್ಡ್ ಕೊಳ್ಳಬೇಕಾ, ಬಾಡಿಗೆ ಸಾಕಾ? ಪೆಟ್ಟು ಎಷ್ಟರ ಮಟ್ಟಿಗೆ? ಮಾಡಿದವರು ಹೇಳಿ.

ಫ್ರೀಮಾಂಟ್‌ನಿಂದ

ವಯಸ್ಸಿನ ಚಿಂತೆ ಬಿಡಿ ಸರ್. ನಾನು ನಲವತ್ತು ದಾಟಿದ ಮೇಲೆ ಶುರು ಮಾಡಿದವನು. ಸ್ಕೀಯಲ್ಲಿ (ಕಾಲಿಗೊಂದು ಹಲಗೆ) ಮೊದಲ ದಿನ ಸಂಜೆಗೆ ಏನೋ ಒಂದಿಷ್ಟು ಬಂತು ಅನ್ನಿಸುತ್ತದೆ. ಸ್ನೋಬೋರ್ಡ್ ಹಾಗಲ್ಲ. ಮೊದಲೆರಡು ದಿನ ಬರೀ ಬೀಳುವುದು, ಏಳುವುದು. ಆಮೇಲೆ ಇದ್ದಕ್ಕಿದ್ದಂತೆ ಹಿಡಿತ ಸಿಗುತ್ತದೆ. ಎಷ್ಟೋ ಜನ ಮೊದಲ ದಿನದ ಸಂಜೆಯೇ ಬಿಟ್ಟುಬಿಡುತ್ತಾರೆ. ಹಾಗಾಗಿ ಒಂದೇ ದಿನಕ್ಕೆ ಹೋಗಬೇಡಿ. ಎರಡು ದಿನ ಬೆನ್ನುಬೆನ್ನಿಗೆ ಇಟ್ಟುಕೊಳ್ಳಿ, ಎರಡೂ ದಿನ ಕ್ಲಾಸ್ ತೆಗೆದುಕೊಳ್ಳಿ. ಬೋರ್ಡು, ಜಾಕೆಟ್ಟು, ಸೀಸನ್ ಪಾಸು ಯಾವುದಕ್ಕೂ ಈಗ ದುಡ್ಡು ಹಾಕಬೇಡಿ. ಕ್ಲಾಸಿಗೆ ಮಾತ್ರ ಹಾಕಿ.

ಗೆಳೆಯರು ಯಾಕೆ ಬೇಡ ಅಂದರೆ, ಅವರು ಪ್ರೀತಿಯಿಂದಲೇ ನಿಮ್ಮನ್ನು ಸೀದಾ ಲಿಫ್ಟ್ (ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿ) ಹತ್ತಿಸಿ ಮೇಲೆ ಕರೆದುಕೊಂಡು ಹೋಗುತ್ತಾರೆ. "ಮೊಣಕಾಲು ಬಗ್ಗಿಸು, ಬಾ" ಅಂತ ಹೇಳಿ ಇಳಿದು ಹೋಗುತ್ತಾರೆ. ನೀವು ಅಲ್ಲಿ ಕೂತಿರುತ್ತೀರಿ. ಚೆನ್ನಾಗಿ ಆಡುವವರಿಗೆ ತಾವು ಕಾಲಲ್ಲಿ ಏನು ಮಾಡುತ್ತಿದ್ದೇವೆ ಅನ್ನುವುದೇ ಮರೆತುಹೋಗಿರುತ್ತದೆ.

ನಿಜವಾಗಿ ಕಲಿಯಬೇಕಾದದ್ದು ಒಂದೇ ವಿಷಯ, ಅಂಚು. ಬೋರ್ಡಿನ ಎರಡು ಬದಿಗೂ ಉಕ್ಕಿನ ಅಂಚು ಇರುತ್ತದೆ. ಹಿಮ್ಮಡಿ ಕಡೆಯದು ಹೀಲ್ ಸೈಡ್, ಬೆರಳಿನ ಕಡೆಯದು ಟೋ ಸೈಡ್. ಇಳಿಜಾರಿಗೆ ಬೋರ್ಡನ್ನು ಅಡ್ಡ ಇಟ್ಟು ನಿಂತಾಗ ಮೇಲ್ಗಡೆಯ ಅಂಚು ಹಿಮವನ್ನು ಕಚ್ಚಿರಬೇಕು, ಕೆಳಗಡೆಯ ಅಂಚು ಎತ್ತಿರಬೇಕು. ಆ ಕೆಳಗಿನ ಅಂಚು ಒಮ್ಮೆ ಹಿಮಕ್ಕೆ ಸಿಕ್ಕಿತೋ, ಬೋರ್ಡ್ ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನೆಲದ ಮೇಲೆ ಇರುತ್ತೀರಿ. ಕೈ ಊರಲೂ ಹೊತ್ತು ಸಿಗುವುದಿಲ್ಲ. ಇದು ಜಾಸ್ತಿ ಆಗುವುದು ಕಡಿದಾದ ಕಡೆ ಅಲ್ಲ. ಕೆಳಗೆ ಬಂದು ಸಮತಟ್ಟು ಶುರುವಾಯಿತು, ಇನ್ನೇನು ಮುಗಿಯಿತು ಅಂತ ಕಾಲು ಸಡಿಲ ಬಿಟ್ಟಾಗ. ಬೋರ್ಡ್ ಪೂರ್ತಿ ಚಪ್ಪಟೆಯಾಗಿ ಕೂರುತ್ತದೆ, ಯಾವುದೋ ಒಂದು ಅಂಚು ಸಿಕ್ಕಿಕೊಳ್ಳುತ್ತದೆ. ಸಮತಟ್ಟಿನಲ್ಲೂ ಒಂದು ಅಂಚಿನ ಮೇಲೆ ಚೂರು ಭಾರ ಇಟ್ಟೇ ಇರಬೇಕು.

ಅದಕ್ಕೇ ಒಳ್ಳೆ ಇನ್‌ಸ್ಟ್ರಕ್ಟರ್ ಮೊದಲು ತಿರುವು ಕಲಿಸುವುದೇ ಇಲ್ಲ. ಒಂದು ಕಾಲು ಮಾತ್ರ ಕಟ್ಟಿಸಿ ಸಮತಟ್ಟಿನಲ್ಲಿ ತಳ್ಳಿಕೊಂಡು ಓಡಾಡಿಸುತ್ತಾರೆ. ಆಮೇಲೆ ಹೀಲ್ ಸೈಡ್ ಮೇಲೆ ನಿಂತು ಬೋರ್ಡ್ ಅಡ್ಡವಾಗಿಯೇ ಇಟ್ಟುಕೊಂಡು ನಿಧಾನ ಇಳಿಸುತ್ತಾರೆ. ಕಾವಲಿಗೆ ಅಂಟಿದ ದೋಸೆಯನ್ನು ಮಗುಚುವ ಕೈಯಲ್ಲಿ ಕೆರೆದ ಹಾಗೆ, ಹಿಮವನ್ನು ಕೆರೆಯುತ್ತ ಇಳಿಯುವುದು. ಆಮೇಲೆ ಅದೇ ಅಂಚಿನ ಮೇಲೆ ಎಡಕ್ಕೆ, ಬಲಕ್ಕೆ ತೇಲುವುದು. ಆಮೇಲೆ ಇದೆಲ್ಲ ಟೋ ಸೈಡಿನಲ್ಲಿ, ಅಂದರೆ ಬೆಟ್ಟಕ್ಕೆ ಮುಖ ಮಾಡಿ, ಇಳಿಜಾರಿಗೆ ಬೆನ್ನು ಹಾಕಿ. ಇಲ್ಲಿ ಎಲ್ಲರಿಗೂ ಭಯ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಕಾಣುವುದಿಲ್ಲ ನೋಡಿ. ಎರಡೂ ಅಂಚು ಬಂದ ಮೇಲೆ ತಿರುವು. ತಿರುಗುವಾಗ ಹೋಗಬೇಕಾದ ಕಡೆ ನೋಡಿ. ತಲೆ, ಭುಜ ಹೋದ ಕಡೆ ಬೋರ್ಡ್ ಬರುತ್ತದೆ. ಕಾಲು ನೋಡಿಕೊಂಡು ನಿಂತರೆ ಕಾಲಿನ ಹತ್ತಿರವೇ ಬೀಳುತ್ತೀರಿ.

ಬಾಡಿಗೆ ಅಂಗಡಿಯಲ್ಲಿ ತೂಕ, ಎತ್ತರ, ಶೂ ಸೈಜ್ ಜೊತೆಗೆ "ರೆಗ್ಯುಲರ್ರಾ, ಗೂಫಿನಾ" ಅಂತ ಕೇಳುತ್ತಾರೆ. ಎಡಗಾಲು ಮುಂದಾದರೆ ರೆಗ್ಯುಲರ್, ಬಲಗಾಲು ಮುಂದಾದರೆ ಗೂಫಿ. ಊರಿನ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಓಡಿಬಂದು ಜಾರುತ್ತಿದ್ದೆವಲ್ಲ, ಆಗ ಯಾವ ಕಾಲು ಮುಂದಿರುತ್ತಿತ್ತೋ ಅದೇ. ಬೋರ್ಡ್ ಯಾವುದಾದರೂ ನಡೆಯುತ್ತದೆ, ಬೂಟಿನ ವಿಷಯದಲ್ಲಿ ಮಾತ್ರ ನಾಚಿಕೊಳ್ಳಬೇಡಿ. ಮೊಣಕಾಲು ಬಗ್ಗಿಸಿದಾಗ ಒಳಗೆ ಹಿಮ್ಮಡಿ ಮೇಲೇಳಬಾರದು. ಬೆರಳು ತುದಿಗೆ ತಾಗಬೇಕು, ಮಡಚಿಕೊಳ್ಳಬಾರದು. ಸರಿ ಇಲ್ಲದಿದ್ದರೆ ಬದಲಾಯಿಸಿ ಕೊಡಿ ಅನ್ನಿ. ಸಾಕ್ಸ್ ಒಂದೇ ಜೊತೆ. ಚಳಿ ಅಂತ ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಸ್ಯಾಕ್ರಮೆಂಟೊದಿಂದ

ಮೇಲಿನವರ ಮಾತಿಗೆ ಅರ್ಧ ಒಪ್ಪಿಗೆ. ಮನೆಮಂದಿಗೆಲ್ಲ ಎರಡೆರಡು ದಿನ ಕ್ಲಾಸ್ ಅಂದರೆ ಸಣ್ಣ ಖರ್ಚಲ್ಲ ಸ್ವಾಮಿ. ನಾನು ಗೆಳೆಯನಿಂದಲೇ ಕಲಿತೆ, ಚೆನ್ನಾಗಿಯೇ ಕಲಿತೆ. ಆದರೆ ಆ ಗೆಳೆಯ ಇಡೀ ದಿನ ತನ್ನ ಆಟ ಬಿಟ್ಟು ನನ್ನ ಕೈ ಹಿಡಿದು ಹಿಮ್ಮುಖವಾಗಿ ನಡೆದವನು. ಅಂಥವರು ಇದ್ದರೆ ಸರಿ. ಇಲ್ಲದಿದ್ದರೆ ಹೊಸಬರ ಪ್ಯಾಕೇಜ್ ಹುಡುಕಿ. ಕ್ಲಾಸು, ಬಾಡಿಗೆ ಬೋರ್ಡು, ಕೆಳಗಿನ ಲಿಫ್ಟುಗಳಿಗೆ ಮಾತ್ರ ಟಿಕೆಟ್ ಎಲ್ಲ ಸೇರಿ ಕೊಡುತ್ತಾರೆ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಕಡಿಮೆಗೆ ಬೀಳುತ್ತದೆ. ವಾರದ ದಿನ ರಜೆ ಹಾಕಿ ಹೋದರೆ ಜನವೂ ಕಡಿಮೆ.

1960ರ ಒಲಿಂಪಿಕ್ಸ್ ನಡೆದ ಬೆಟ್ಟ ಅಂತ ಕೆಲವರು ಮೊದಲ ಸಲವೇ ಪ್ಯಾಲಿಸೇಡ್ಸ್‌ಗೆ ಹೋಗುತ್ತಾರೆ. ಹೋಗಿ ತಪ್ಪೇನಿಲ್ಲ, ಆದರೆ ನೀವು ಇರುವುದು ಅದರ ಬುಡದಲ್ಲಿ, ಪುಟ್ಟ ಮಕ್ಕಳ ಜೊತೆ. ಅಷ್ಟಕ್ಕೆ ಇಂಟರ್‌ಸ್ಟೇಟ್ 80ರ ಪಕ್ಕದಲ್ಲೇ ಇರುವ ಬೋರಿಯಲ್ ಅಥವಾ ಸೋಡಾ ಸ್ಪ್ರಿಂಗ್ಸ್ ಸಾಕು. ಹೈವೇ 50 ಕಡೆಯಿಂದ ಹೋದರೆ ಸಿಯೆರಾ ಅಟ್ ಟಾಹೋ. ಹಸಿರು ವೃತ್ತದ ಗುರುತು ಇರುವ ದಾರಿ ಹೊಸಬರಿಗೆ, ನೀಲಿ ಚೌಕ ಅದಕ್ಕಿಂತ ಕಷ್ಟ. ಕಪ್ಪು ವಜ್ರ ಕಂಡರೆ ವಾಪಸ್ ತಿರುಗಿ.

ಡೆನ್ವರ್‌ನಿಂದ

ನಾನು ಫಿಸಿಯೋಥೆರಪಿಸ್ಟ್. ಚಳಿಗಾಲ ಬಂತೆಂದರೆ ನನ್ನಲ್ಲಿಗೆ ಬರುವ ಹೊಸ ಸ್ನೋಬೋರ್ಡರ್‌ಗಳ ಕಥೆ ಒಂದೇ. ಬೀಳುವಾಗ ಅಂಗೈ ಚಾಚಿ ಊರಿದರು, ಮಣಿಕಟ್ಟು ಹೋಯಿತು. ಸ್ಕೀ ಮಾಡುವವರಿಗೆ ಮೊಣಕಾಲಿನ ಪೆಟ್ಟು ಜಾಸ್ತಿ, ಬೋರ್ಡಿನವರಿಗೆ ಮಣಿಕಟ್ಟಿನದು. ಎರಡು ಕಾಲೂ ಒಂದೇ ಹಲಗೆಗೆ ಕಟ್ಟಿರುವುದರಿಂದ ಒಂದು ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಆಗುವುದಿಲ್ಲ. ಕೈ ತಾನಾಗಿಯೇ ಮುಂದೆ ಹೋಗುತ್ತದೆ.

ರಿಸ್ಟ್ ಗಾರ್ಡ್ ಕೊಂಡುಕೊಳ್ಳಿ. ದುಬಾರಿ ಅಲ್ಲ. ಹಾಕಿಕೊಂಡವರಲ್ಲಿ ಮಣಿಕಟ್ಟಿನ ಪೆಟ್ಟು ಕಡಿಮೆ ಅಂತ ಅಧ್ಯಯನಗಳೂ ತೋರಿಸಿವೆ. ಗ್ಲೌಸ್ ಒಳಗೆ ಹಿಡಿಸುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ, ಬಾಡಿಗೆಗೆ ಸಿಗುತ್ತದೆ. ಹಿಂದಕ್ಕೆ ಬಿದ್ದಾಗ ತಲೆಯ ಹಿಂಭಾಗ ಬಡಿಯುವುದು ಬೋರ್ಡಿನಲ್ಲಿ ಮಾಮೂಲು. ಪ್ಯಾಡ್ ಇರುವ ಚಡ್ಡಿ ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ, ಟೇಲ್‌ಬೋನ್ ನಿಮಗೆ ಋಣಿಯಾಗಿರುತ್ತದೆ.

ಬೀಳುವುದನ್ನು ಮನೆಯ ಕಾರ್ಪೆಟ್ ಮೇಲೆ ಅಭ್ಯಾಸ ಮಾಡಿ. ತಮಾಷೆ ಅಲ್ಲ. ಮುಂದಕ್ಕೆ ಬೀಳುವಾಗ ಮುಷ್ಟಿ ಬಿಗಿದು, ಮೊದಲು ಮೊಣಕಾಲು, ಆಮೇಲೆ ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗೆ) ಪೂರ್ತಿ ನೆಲಕ್ಕೆ. ಹಿಂದಕ್ಕೆ ಬೀಳುವಾಗ ಕುಕ್ಕರುಗಾಲಲ್ಲಿ ಕೂತು, ಗದ್ದವನ್ನು ಎದೆಗೆ ಒತ್ತಿ, ಬೆನ್ನಿನ ಮೇಲೆ ಉರುಳಿ. ಕೈ ಹಿಂದಕ್ಕೆ ಊರಲೇಬಾರದು.

ಇನ್ನೊಂದು. "ಕೊನೇದಾಗಿ ಒಂದು ಸಲ" ಅಂತ ಸಂಜೆ ಹೋಗಬೇಡಿ. ತೊಡೆ ಸೋತಿರುತ್ತದೆ, ಬಿಸಿಲು ಇಳಿದು ಹಿಮ ಗಟ್ಟಿಯಾಗಿರುತ್ತದೆ. ಸುಸ್ತಾಯಿತು ಅನ್ನಿಸಿದಾಗಲೇ ಬೋರ್ಡ್ ಬಿಚ್ಚಿ.

ದುಬೈನಿಂದ

ಟಾಹೋ ಇಲ್ಲದವರಿಗೂ ದಾರಿ ಇದೆ ಅಂತ ಹೇಳಲು ಬರೆಯುತ್ತಿದ್ದೇನೆ. ನಾನು ಉಡುಪಿ ಕಡೆಯವನು, ಹಿಮದ ಗಂಧಗಾಳಿ ಇರಲಿಲ್ಲ. ಕಲಿತದ್ದು ಇಲ್ಲಿನ ಮಾಲ್ ಆಫ್ ದಿ ಎಮಿರೇಟ್ಸ್ ಒಳಗಿನ ಸ್ಕೀ ದುಬೈಯಲ್ಲಿ. 2005ರಲ್ಲಿ ಶುರುವಾದದ್ದು. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ಸೊನ್ನೆಗಿಂತ ಕೆಳಗೆ. ಅತಿ ಉದ್ದದ ಇಳಿಜಾರು 400 ಮೀಟರ್ ಅಷ್ಟೇ, ಆದರೆ ಕಲಿಯುವವರಿಗೆ ಅದೇ ಜಾಸ್ತಿ. ಗಾಳಿ ಇಲ್ಲ, ಮಂಜು ಇಲ್ಲ, ಹಿಮ ದಿನವೂ ಒಂದೇ ಥರ. ಬೋರ್ ಆಗುತ್ತದೆ, ನಿಜ. ಅದೇ ಇಳಿಜಾರಲ್ಲಿ ಮತ್ತೆ ಮತ್ತೆ ಇಳಿದದ್ದಕ್ಕೇ ನನಗೆ ಟೋ ಸೈಡ್ ಬಂತು ಅನ್ನಿಸುತ್ತದೆ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋದರೆ ಮಾತ್ರ ಪೆಂಗ್ವಿನ್ ನೋಡಿ ಮುಗಿಸುತ್ತಾರೆ, ಬೋರ್ಡ್ ಹತ್ತುವುದಿಲ್ಲ.

ಚೇರ್‌ಲಿಫ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಹೊಸಬರು ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. ಮುಂದಿನ ಕಾಲು ಮಾತ್ರ ಬೈಂಡಿಂಗ್‌ಗೆ, ಅಂದರೆ ಬೂಟನ್ನು ಬೋರ್ಡಿಗೆ ಹಿಡಿಸುವ ಪಟ್ಟಿಗೆ, ಕಟ್ಟಿರುತ್ತದೆ. ಹಿಂದಿನ ಕಾಲನ್ನು ಬೈಂಡಿಂಗ್‌ಗೆ ತಾಗಿಸಿ ಬೋರ್ಡ್ ಮೇಲಿಡಿ, ಬೋರ್ಡನ್ನು ನೇರ ಮಾಡಿ, ಎದ್ದು ನಿಂತು ಮುಂದೆ ನೋಡುತ್ತ ಹೋಗಿಬಿಡಿ. ಅಲ್ಲಿ ತಿರುಗಲು ಹೋಗಬೇಡಿ. ಬಿದ್ದರೆ ತೆವಳಿಕೊಂಡಾದರೂ ಪಕ್ಕಕ್ಕೆ ಸರಿಯಿರಿ, ಹಿಂದಿನ ಕುರ್ಚಿಯವರು ಬರುತ್ತಿರುತ್ತಾರೆ.

ಬೆಂಗಳೂರಿನಿಂದ

ಊರಲ್ಲೇ ಇರುವ ನಮ್ಮಂಥವರಿಗೆ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಮನಾಲಿ ಹತ್ತಿರದ ಸೋಲಂಗ್. ಸೋಲಂಗ್‌ನಲ್ಲಿ ಅರ್ಧ ಗಂಟೆ ಬೋರ್ಡ್ ಬಾಡಿಗೆಗೆ ಕೊಟ್ಟು ಫೋಟೋ ತೆಗೆದು ಕಳಿಸುವುದೇ ಜಾಸ್ತಿ. ಕಲಿಯುವ ಮನಸ್ಸಿದ್ದರೆ ಗುಲ್ಮಾರ್ಗ್‌ನಲ್ಲಿ ಒಂದು ವಾರ ಉಳಿಯಬೇಕು. ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲು ಅದು, ಚಳಿಗಾಲದಲ್ಲಿ ಪೂರ್ತಿ ಬಿಳಿ. ಹೊಸಬರ ಇಳಿಜಾರುಗಳು ಊರಿನ ಪಕ್ಕದಲ್ಲೇ ಇವೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಸಂಸ್ಥೆಯೂ ಅಲ್ಲೇ ಇದೆ. ಸ್ಥಳೀಯ ಗೈಡ್‌ಗಳು ಸಿಗುತ್ತಾರೆ, ಆದರೆ ಹೆಚ್ಚಿನವರು ಸ್ಕೀಯವರು. "ನೀವೇ ಬೋರ್ಡ್ ಮಾಡುತ್ತೀರಾ?" ಅಂತ ಮೊದಲೇ ಕೇಳಿ. ಬಾಡಿಗೆ ಬೂಟಿನ ಲೇಸ್, ಬೈಂಡಿಂಗಿನ ಪಟ್ಟಿ, ಅಂಚು ತುಕ್ಕು ಹಿಡಿದಿದೆಯಾ ಎಲ್ಲ ನೋಡಿಯೇ ತೆಗೆದುಕೊಳ್ಳಿ.

ಗೊಂಡೋಲದ (ಕೇಬಲ್ ಕಾರ್) ಎರಡನೇ ಹಂತ ಅಫರ್ವಾಟ್ ಬೆಟ್ಟದ ಕಡೆ ಸುಮಾರು 3,950 ಮೀಟರ್‌ವರೆಗೆ ಹೋಗುತ್ತದೆ. ನೋಡಲು ಹೋಗಿ, ಬೋರ್ಡ್ ಕೆಳಗೆ ಬಿಟ್ಟು ಹೋಗಿ. ಮೇಲೆ ಹದ ಮಾಡಿದ ದಾರಿ ಇಲ್ಲ, ಹಿಮಕುಸಿತದ ಜಾಗ. 2024ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗ್ ಹತ್ತಿರ ಹಿಮ ಕುಸಿದು ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು.

ವಿಮಾನದ ಟಿಕೆಟ್ ಅಗ್ಗ ಅಂತ ತಿಂಗಳುಗಟ್ಟಲೆ ಮುಂಚೆ ಕಾಯ್ದಿರಿಸುವುದರಲ್ಲೂ ಅಪಾಯ ಇದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿ ಕೂತಿತ್ತು. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಆಟಗಳ ಗುಲ್ಮಾರ್ಗ್ ಹಂತವನ್ನೇ ಹಿಮ ಇಲ್ಲದೆ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ದಿನಾಂಕ ಬದಲಾಯಿಸಬಹುದಾದ ಟಿಕೆಟ್ ಇದ್ದರೆ ಒಳ್ಳೆಯದು.

ಸಿಯಾಟಲ್‌ನಿಂದ

ಸುಮ್ನೆ ಸ್ಕೀ ಕಲೀರಿ ಸರ್.

ಸನಿವೇಲ್‌ನಿಂದ, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಸಿಯಾಟಲ್‌ನವರಿಗೂ! ಎರಡು ದಿನದ ಕ್ಲಾಸ್ ಅಂತ ನಿರ್ಧಾರ ಆಯಿತು, ರಿಸ್ಟ್ ಗಾರ್ಡ್ ತರಿಸಿದ್ದೇನೆ. ಇನ್ನೆರಡು ಪ್ರಶ್ನೆ. ಬಟ್ಟೆ, ಊಟ, ದಾರಿ ಹೇಗೆ? ಮಗಳನ್ನು ನನ್ನ ಜೊತೆಗೇ ಕ್ಲಾಸಿಗೆ ಸೇರಿಸಬಹುದಾ?

ಸ್ಯಾನ್ ರಮೋನ್‌ನಿಂದ

ಬಟ್ಟೆ: ಜೀನ್ಸ್ ಬೇಡವೇ ಬೇಡ. ಬೀಳುವವರು ನಾವು, ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ. ಮೈಗೆ ಅಂಟುವ ಥರ್ಮಲ್, ಮೇಲೊಂದು ಫ್ಲೀಸ್, ಅದರ ಮೇಲೆ ನೀರು ಒಳಗೆ ಬಿಡದ ಜಾಕೆಟ್ಟು, ಪ್ಯಾಂಟು. ಆಫೀಸಿನಲ್ಲಿ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ, ಕೇಳಿ ಪಡೆಯಿರಿ. ನೀರಿಳಿಯದ ಗ್ಲೌಸ್ ಮತ್ತು ಗಾಗಲ್ಸ್ ಮಾತ್ರ ಸ್ವಂತದ್ದು ಇರಲಿ. ಸನ್‌ಸ್ಕ್ರೀನ್ ಮರೆಯಬೇಡಿ. ಬಿಸಿಲು ಮೇಲಿಂದಲೂ ಬರುತ್ತದೆ, ಹಿಮದಿಂದ ಪುಟಿದೂ ಬರುತ್ತದೆ. ಮೂಗಿನ ಕೆಳಗೆ, ಗದ್ದದ ಕೆಳಗೂ ಹಚ್ಚಿ.

ಊಟ: ಬೆಟ್ಟದ ಮೇಲೆ ಸಸ್ಯಾಹಾರಿಗಳಿಗೆ ಫ್ರೆಂಚ್ ಫ್ರೈಸ್, ಪಿಜ್ಜಾ ಬಿಟ್ಟರೆ ಹೆಚ್ಚೇನಿಲ್ಲ, ಬೆಲೆಯೂ ಜಾಸ್ತಿ. ನಾವು ಪುಳಿಯೋಗರೆ, ಚಪಾತಿ ಸುರುಳಿ, ಫ್ಲಾಸ್ಕಿನಲ್ಲಿ ಕಾಫಿ ಒಯ್ದು ಕಾರಿನ ಹತ್ತಿರವೇ ತಿನ್ನುತ್ತೇವೆ. ನೀರು ಆಗಾಗ ಕುಡಿಯಿರಿ, ಎತ್ತರದ ಜಾಗ, ತಲೆನೋವು ಬರುತ್ತದೆ.

ದಾರಿ: ಇದು ಬೋರ್ಡಿಗಿಂತ ದೊಡ್ಡ ತಲೆನೋವು. ಹಿಮ ಬಿದ್ದಾಗ ಚೈನ್ ಕಂಟ್ರೋಲ್, ಅಂದರೆ ಚಕ್ರಕ್ಕೆ ಸರಪಳಿ ಕಟ್ಟಬೇಕು ಅನ್ನುವ ನಿಯಮ, ಹಾಕುತ್ತಾರೆ. ಆರ್2 ಅಂತ ಫಲಕ ಇದ್ದರೆ, ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರುವ ಫೋರ್ ವೀಲ್ ಅಥವಾ ಆಲ್ ವೀಲ್ ಡ್ರೈವ್ ಬಿಟ್ಟು ಉಳಿದ ಕಾರುಗಳಿಗೆಲ್ಲ ಚೈನ್ ಕಡ್ಡಾಯ. ಅಂಥ ಕಾರಿದ್ದರೂ ಚೈನ್ ಒಳಗೆ ಇರಲೇಬೇಕು. ಮನೆಯ ಅಂಗಳದಲ್ಲಿ ಒಮ್ಮೆ ಹಾಕಿ ತೆಗೆದು ನೋಡಿ. ಕತ್ತಲಲ್ಲಿ, ಹೆಪ್ಪುಗಟ್ಟಿದ ಬೆರಳಲ್ಲಿ ಮೊದಲ ಸಲ ಹಾಕುವ ಕೆಲಸ ಅಲ್ಲ ಅದು. ಭಾನುವಾರ ಸಂಜೆ ವಾಪಸ್ ಹೊರಟರೆ ಇಡೀ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಊರುಗಳ) ಕಾರುಗಳು ನಿಮ್ಮ ಮುಂದೆ ಇರುತ್ತವೆ. ಮಧ್ಯಾಹ್ನವೇ ಹೊರಡಿ, ಇಲ್ಲ ಸೋಮವಾರ ರಜೆ ಹಾಕಿ.

ಬೋರ್ಡನ್ನು ಹಿಮದ ಮೇಲೆ ಇಡುವಾಗ ಬೈಂಡಿಂಗ್ ಕೆಳಗೆ ಬರುವಂತೆ ಮಗುಚಿ ಇಡಿ. ನೆಟ್ಟಗೆ ಇಟ್ಟರೆ ತಾನೇ ಜಾರಿ ಹೋಗುತ್ತದೆ, ಕೆಳಗೆ ಯಾರ ಕಾಲಿಗೆ ಬಡಿಯುತ್ತದೋ. ಇಳಿಯುವಾಗ ನಿಮ್ಮ ಮುಂದೆ, ಅಂದರೆ ಕೆಳಗೆ ಇರುವವರಿಗೆ ದಾರಿಯ ಹಕ್ಕು. ತಪ್ಪಿಸಿಕೊಳ್ಳಬೇಕಾದವರು ನೀವು.

ಮಗಳ ವಿಷಯ: ಜೊತೆಗೆ ಆಗುವುದಿಲ್ಲ. ಮಕ್ಕಳಿಗೆ ಬೇರೆ ಗುಂಪು, ಹಾಗೇ ಇರಲಿ. ಅಪ್ಪ ಪಕ್ಕದಲ್ಲಿದ್ದರೆ ಪ್ರತಿ ಸಲ ಬಿದ್ದಾಗಲೂ ಅಪ್ಪನ ಮುಖ ನೋಡುತ್ತಾರೆ. ವಾರಾಂತ್ಯದ ಮಕ್ಕಳ ಕ್ಲಾಸು ಬೇಗ ತುಂಬುತ್ತದೆ, ಅವಳದ್ದು ಮೊದಲು ಬುಕ್ ಮಾಡಿ, ಅದಕ್ಕೆ ಹೊಂದುವ ಹಾಗೆ ನಿಮ್ಮದು. ಅವಳು ನಿಮಗಿಂತ ಬೇಗ ಕಲಿಯುತ್ತಾಳೆ. ಎರಡನೇ ದಿನ ಮಧ್ಯಾಹ್ನ ನಿಮ್ಮನ್ನು ದಾಟಿಕೊಂಡು ಹೋದಾಗ ಬೇಜಾರು ಮಾಡಿಕೊಳ್ಳಬೇಡಿ, ಅಷ್ಟೇ.